ಅಜ್ಜಿ ಕಾಲದ ಕೊಕ್ಕೆತಾತಿಗೆ ಮೆಷಿನ್ ಪಾಲಿಶ್ ಮಾಡಿಸ್ಬಹುದಾ?

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ರ. ಅಜ್ಜಿಯ ಕೊಕ್ಕೆತಾತಿ (ಅರ್ಧಚಂದ್ರದ ಪದಕ ಇರೋ ಕೊಡವರ ಸರ), ಜೋಮಾಲೆ (ಚಿನ್ನದ ಗುಂಡಿನ ಹಾರ), ಮತ್ತೆ ಅಜ್ಜಂದು ಬೆಳ್ಳಿ ಒರೆಯ ಪೀಚೆಕತ್ತಿ (ಸೊಂಟಕ್ಕೆ ಸಿಗಿಸೋ ಚಿಕ್ಕ ಕತ್ತಿ) ನನ್ನ ಪಾಲಿಗೆ ಬಂದಿದೆ. ಸದ್ಯದಲ್ಲೇ ಮಗಳ ಮದುವೆ. ಕೊಕ್ಕೆತಾತಿ ಹಿಂಭಾಗ ಸವೆದು ನುಣುಪಾಗಿದೆ, ಒರೆ ಕಪ್ಪಾಗಿದೆ, ಮೇಲೆ ಗೀರು ಬೇರೆ. ಅಂಗಡಿಯವರು ಮೆಷಿನ್ ಪಾಲಿಶ್ ಮಾಡಿದ್ರೆ ಹೊಸದರ ಥರ ಆಗುತ್ತೆ ಅಂತಾರೆ. ಮಾಡಿಸ್ಲಾ?
– ಒಬ್ಬ ಓದುಗರು

ಉತ್ತರ: ದಯವಿಟ್ಟು ಬೇಡ ಅಕ್ಕ. ಮೆಷಿನ್ ಚಕ್ರ ಗೀರನ್ನ ತುಂಬಲ್ಲ, ಸುತ್ತಲಿನ ಲೋಹನ ಉಜ್ಜಿ ಗೀರಿನ ಮಟ್ಟಕ್ಕೆ ಇಳಿಸುತ್ತೆ ಅಷ್ಟೆ, ಹಾಗೆ ಮಾಡ್ತಾ ಕೈಯಲ್ಲಿ ಕೊರೆದ ಬಳ್ಳಿ, ಹಾವಿನ ಹೆಡೆಯ ಗೆರೆ ಎಲ್ಲಾ ಮಸುಕಾಗಿ ಹೋಗುತ್ತೆ, ಆಮೇಲೆ ಯಾವ ಅಕ್ಕಸಾಲಿಗನೂ ಅದನ್ನ ವಾಪಸ್ ತರಲಾರ. ಹಿಂಭಾಗ ನುಣುಪಾಗಿರೋದು ಮದುವೆಗೆ, ಪುತ್ತರಿ (ಸುಗ್ಗಿ) ಹಬ್ಬಕ್ಕೆ ಅಂತ ಅಜ್ಜಿ ಹಾಕ್ಕೊಂಡಾಗೆಲ್ಲಾ ಸೀರೆಗೆ ತಾಗಿ ತಾಗಿ ಆಗಿದ್ದು, ಒರೆ ಮೇಲಿನ ಗೀರಲ್ಲೂ ಸುಮಾರು ಅದರದ್ದೇ ಸರಪಳಿ ಉಜ್ಜಿ ಬಿದ್ದಿರುತ್ತೆ. ನನ್ನ ಕಣ್ಣಿಗೆ ಅದೂ ಒಡವೆಯ ಕೆಲಸಗಾರಿಕೆಯಷ್ಟೇ ಬೆಲೆಬಾಳೋದು, ಮಗಳು ಹಾಗೇ ಹಾಕ್ಕೊಳ್ಳಲಿ.

ಆದ್ರೆ ಒಂದು ಸವೆತನ ಮಾತ್ರ ಬಿಡಬೇಡಿ. ಕೊಕ್ಕೆತಾತಿ ಪದಕ ನೇತಾಡೋ ಪುಟ್ಟ ಬಳೆ ಮತ್ತೆ ಕೊಂಡಿ ನೋಡಿ, ಲೋಹಕ್ಕೆ ಲೋಹ ಉಜ್ಜೋದು ಅಲ್ಲೇ. ತೆಳ್ಳಗಾಗಿದ್ರೆ ಮದುವೆ ಗಲಾಟೆಲಿ ಕಿತ್ತು ಬೀಳುತ್ತೆ, ಆ ಜಾಗಕ್ಕಷ್ಟೇ ಬೆಸುಗೆ ಹಾಕ್ಸಿ. ಕಲ್ಲಿನ ಹಿಂದೆ ಮುಚ್ಚಿದ ಕಟ್ಟು ಇದ್ರೆ ನೀರಲ್ಲಿ ಮುಳುಗಿಸಬೇಡಿ, ಒಳಗೆ ತೇವ ಸೇರಿ ಕಲ್ಲು ಮಂಕಾಗುತ್ತೆ. ಜೋಮಾಲೆ ಗುಂಡಿನ ಒಳಗೆ ಅರಗು ತುಂಬಿರ್ತಾರೆ, ಬಿಸಿನೀರು ತಾಗಿದ್ರೆ ಅದು ಮೆತ್ತಗಾಗುತ್ತೆ. ದಾರ ಹಳೇದಾಗಿದ್ರೆ ಹೊಸದಾಗಿ ಪೋಣಿಸ್ಕೊಳ್ಳಿ, ಅದ್ರಲ್ಲಿ ತಪ್ಪೇನಿಲ್ಲ.

ಇನ್ನು ಒರೆಯ ಕಪ್ಪು. ಗಾಳಿಯಲ್ಲಿರೋ ಗಂಧಕದ ಅಂಶ ಬೆಳ್ಳಿ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗೋದ್ರಿಂದ ಬರೋದು ಅದು, ನಮ್ಮ ಮಳೆಗಾಲದ ತೇವದಲ್ಲಿ ಇನ್ನೂ ಬೇಗ. ಉಣ್ಣೆ ಕುಪ್ಯದ, ಅಂದ್ರೆ ಗಂಡಸರ ಉದ್ದ ಕೋಟಿನ, ಮಡಿಕೆಲಿ ಸುತ್ತಿ ಇಡಬೇಡಿ, ರಬ್ಬರ್ ಬ್ಯಾಂಡೂ ಹಾಕಬೇಡಿ, ಎರಡರಲ್ಲೂ ಗಂಧಕ ಇರುತ್ತೆ. ಮೆತ್ತನೆ ಹತ್ತಿಬಟ್ಟೆಲಿ ಎದ್ದಿರೋ ಭಾಗ ಮಾತ್ರ ಒರೆಸಿ, ಕೊರೆದ ಸಂದಿನ ಕಪ್ಪು ಇರಲಿ, ಚಿತ್ತಾರ ಎದ್ದು ಕಾಣೋದೇ ಅದ್ರಿಂದ. ಟೂತ್‌ಪೇಸ್ಟ್ ಬೇಡ, ಗೀರುತ್ತೆ. ಅಡಿಗೆ ಸೋಡಾ-ಅಲ್ಯೂಮಿನಿಯಂ ಫಾಯಿಲ್ ಉಪಾಯನೂ ಬೇಡ, ಸಂದಿನ ಕಪ್ಪೂ ಹೋಗಿ ಪೂರ್ತಿ ಬಿಳುಚಿಕೊಳ್ಳುತ್ತೆ. ಕತ್ತಿಯ ಅಲಗು ಉಕ್ಕಿನದು, ತೆಳ್ಳಗೆ ಎಣ್ಣೆ ಸವರಿಡಿ.

ಬೆಸುಗೆಗೆ ಕೊಡೋವಾಗ ಹಿಂದೆ ಮುಂದೆ ಫೋಟೋ ತೆಗೆದು, ನಿಮ್ಮೆದುರೇ ತೂಕ ಹಾಕ್ಸಿ ಚೀಟಿಲಿ ಬರೆಸ್ಕೊಳ್ಳಿ, ವಾಪಸ್ ತರೋವಾಗ ಇನ್ನೊಂದ್ಸಲ ತೂಗ್ಸಿ.