ಡಾಲರ್ ಮೀಸಲು ಇದ್ದೂ ಬಹ್ತ್ ಕುಸಿದದ್ದು ಹೇಗೆ?

1997ರ ಮಧ್ಯದಲ್ಲೂ ಥಾಯ್ಲೆಂಡ್ ಬಳಿ 30 ಬಿಲಿಯನ್ ಡಾಲರ್‌ಗೂ ಹೆಚ್ಚು ವಿದೇಶಿ ವಿನಿಮಯ ಮೀಸಲಿತ್ತಲ್ಲ, ಮತ್ತೆ ಜುಲೈ 2ರಂದು ಅಲ್ಲಿನ ಕರೆನ್ಸಿ ಬಹ್ತ್‌ನ ಸ್ಥಿರ ದರವನ್ನು ಯಾಕೆ ಕೈಬಿಟ್ಟರು ಅಂತ ಕೇಳಿದ್ದೀರಿ. ಆ ಡಾಲರ್‌ಗಳಲ್ಲಿ ಬಹುಪಾಲು ಆಗಲೇ ಬೇರೆಯವರಿಗೆ ಕೊಡಬೇಕಾದದ್ದು. ದರವನ್ನು ಡಾಲರ್‌ಗೆ 25 ಬಹ್ತ್ ಆಸುಪಾಸಿನಲ್ಲಿ ಹಿಡಿದಿಡಲು ಕೇಂದ್ರ ಬ್ಯಾಂಕ್ ಫಾರ್ವರ್ಡ್ ಒಪ್ಪಂದಗಳಲ್ಲಿ, ಅಂದರೆ ಮುಂದೆ ಕೊಡುತ್ತೇವೆಂಬ ಕರಾರಿನ ಮೇಲೆ, 23 ಬಿಲಿಯನ್‌ಗೂ ಹೆಚ್ಚು ಡಾಲರ್ ಮಾರಿತ್ತು. ಮೀಸಲಿನ ಪ್ರಕಟಿತ ಅಂಕಿಯಲ್ಲಿ ಈ ಬಾಕಿ ಕಾಣುತ್ತಲೇ ಇರಲಿಲ್ಲ. ಮುಚ್ಚಿಟ್ಟದ್ದು ಅಕ್ಷಮ್ಯ ಅಂತಲೇ ನನ್ನ ಅಭಿಪ್ರಾಯ.

ಇನ್ನೊಂದು ಕಡೆ, 1993ರಿಂದ ಅಲ್ಪಾವಧಿ ಡಾಲರ್ ಸಾಲ ತರುವುದು ಸಲೀಸಾಗಿತ್ತು. ಫೈನಾನ್ಸ್ ಕಂಪನಿಗಳು ಅದನ್ನು ಬಹ್ತ್‌ನಲ್ಲಿ ಕಟ್ಟಡಗಳ ಮೇಲೆ ದೀರ್ಘಾವಧಿಗೆ ಸುರಿದವು. 10 ಲಕ್ಷ ಡಾಲರ್ ಸಾಲವೆಂದರೆ 2.5 ಕೋಟಿ ಬಹ್ತ್. 1998ರ ಜನವರಿಯಲ್ಲಿ ದರ 50 ದಾಟಿದಾಗ ಅದೇ ಸಾಲ 5 ಕೋಟಿ ಮೀರಿತು. ಬಾಡಿಗೆ ಮಾತ್ರ ಬಹ್ತ್‌ನಲ್ಲೇ ಬರುತ್ತಿತ್ತು. ವಹಿವಾಟು ಅಮಾನತಾಗಿದ್ದ 58 ಫೈನಾನ್ಸ್ ಕಂಪನಿಗಳಲ್ಲಿ 56 ಕಾಯಂ ಮುಚ್ಚಿದವು.

ಹಾಗಾಗಿ ಯಾವುದೇ ದೇಶದ ಮೀಸಲು ನೋಡುವಾಗ ಮೊದಲು ಬಾಕಿ ಇರುವ ಫಾರ್ವರ್ಡ್ ಮಾರಾಟ ಕಳೆಯಿರಿ. ಉಳಿದದ್ದನ್ನು ಒಂದು ವರ್ಷದೊಳಗೆ ತೀರಿಸಬೇಕಾದ ವಿದೇಶಿ ಸಾಲದ ಪಕ್ಕ ಇಟ್ಟು ನೋಡಿ. ನಮ್ಮ ರಿಸರ್ವ್ ಬ್ಯಾಂಕಿನ ಫಾರ್ವರ್ಡ್ ಬಾಕಿ ಅದರ ಮಾಸಿಕ ಬುಲೆಟಿನ್‌ನಲ್ಲೇ ಸಿಗುತ್ತದೆ.