ಆಮೆಯ ಮೂಗು ಉಜ್ಜೋ ಮುಂಚೆ

"ಅಕ್ಕಾ, ಅಮೆರಿಕದ ಮೇರಿಲ್ಯಾಂಡ್ ಯೂನಿವರ್ಸಿಟಿಗೆ ಓದಲು ಬರ್ತಿದ್ದೀನಿ. ಚಳಿಗೆ ಏನು ತರಲಿ, ರೂಮು ಹೇಗೆ ಹುಡುಕಲಿ? ಪರೀಕ್ಷೆಗೆ ಮುಂಚೆ ಅಲ್ಲಿ ಆಮೆಗೆ ಕೈ ಮುಗೀತಾರಂತೆ, ನಿಜಾನಾ?" ಅಂತ ಕೇಳಿದ್ದೀಯ.

ಕೋಟು ಇಲ್ಲೇ ತಗೋ ತಮ್ಮಾ, ಊರಿನ ಸ್ವೆಟರ್ ಸಾಲದು. ರೂಮಿಗೆ ಸೀನಿಯರ್‌ಗಳನ್ನು ಕೇಳು. ಆಮೆ ವಿಷಯ ನಿಜ.

ಕೈ ಮುಗಿಯುವುದಿಲ್ಲ, ಮೂಗು ಉಜ್ಜುತ್ತಾರೆ. ಅದರ ಹೆಸರು ಟೆಸ್ಟುಡೊ. ಮೆಕೆಲ್ಡಿನ್ ಲೈಬ್ರರಿ ಮುಂದಿರುವ ಕಂಚಿನ ಆಮೆ. 1933ರ ಬ್ಯಾಚಿನವರ ಉಡುಗೊರೆ. ಆಗ ಬೇರೆ ಕಾಲೇಜಿನ ಹುಡುಗರು ಕದ್ದೊಯ್ಯುತ್ತಿದ್ದರು. ಆಮೇಲೆ ಹೊಟ್ಟೆಗೆ ಸಿಮೆಂಟು ತುಂಬಿ ಭದ್ರ ಮಾಡಿದರು. ಮೈಯೆಲ್ಲ ಕಪ್ಪಗಿದ್ದರೂ ಮೂಗು ಮಾತ್ರ ಫಳಫಳ, ಸಾವಿರ ಕೈ ಮುಟ್ಟಿದ ದೇವಸ್ಥಾನದ ಹೊಸಿಲಿನ ಹಾಗೆ. ಪರೀಕ್ಷೆ ವಾರ ಬಂತೆಂದರೆ ಕಾಲ ಬುಡದಲ್ಲಿ ತಿಂಡಿ, ಕೂಲ್‌ಡ್ರಿಂಕ್, ಹಳೆ ಕುರ್ಚಿ, ಸಿಕ್ಕಿದ್ದೆಲ್ಲ ತಂದು ಇಡುತ್ತಾರೆ. ನೈವೇದ್ಯ ಅಂದರೇನು ಅಂತ ನಿನಗೆ ಬಿಡಿಸಿ ಹೇಳಬೇಕಾ? ದೀಪ, ಊದುಬತ್ತಿ ಮಾತ್ರ ಬೇಡ. 2013ರ ಡಿಸೆಂಬರಿನಲ್ಲಿ ಆ ರಾಶಿಗೇ ಬೆಂಕಿ ಹತ್ತಿಕೊಂಡಿತ್ತು.

ನಾನು ಬಂದಿದ್ದು 2009ರಲ್ಲಿ. ಮೊದಲ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಅಮ್ಮ ಕಟ್ಟಿಕೊಟ್ಟ ಕೋಡುಬಳೆ ಡಬ್ಬದ ತಳದಲ್ಲಿ ನಾಲ್ಕೇ ನಾಲ್ಕು ಉಳಿದಿದ್ದವು. ಎರಡನ್ನು ಟಿಶ್ಯೂನಲ್ಲಿ ಸುತ್ತಿ ಆಮೆ ಮುಂದಿಟ್ಟೆ. ದಿನಾ ಮೂಗು ಉಜ್ಜಿದೆ. ಅರ್ಥವಾಗದ ಪಾಠ ಹಿಡಿದುಕೊಂಡು ಮೇಷ್ಟ್ರ ಹತ್ತಿರ ಮಾತ್ರ ಹೋಗಲಿಲ್ಲ. ಇಲ್ಲಿ ಅದಕ್ಕೆಂದೇ 'ಆಫೀಸ್ ಅವರ್ಸ್' ಇರುತ್ತೆ. ಬಾಗಿಲು ತೆರೆದೇ ಇರುತ್ತೆ. ಎರಡು ಸಲ ಆ ಬಾಗಿಲ ತನಕ ಹೋಗಿ ವಾಪಸ್ ಬಂದೆ. ನಮ್ಮಲ್ಲಿ ಸ್ಟಾಫ್ ರೂಮಿಗೆ ಕರೆದರೆ ಯಾಕೆ ಅಂತ ಗೊತ್ತಲ್ಲ, ಬೈಸಿಕೊಳ್ಳೋಕೆ. ಆ ಹೆದರಿಕೆ ಸೂಟ್‌ಕೇಸಿನ ಜೊತೆಗೇ ಬಂದಿತ್ತು.

ಸಿ ಗ್ರೇಡ್ ಬಂತು. ಮಾಸ್ಟರ್ಸಿನಲ್ಲಿ ಗ್ರೇಡುಗಳ ಸರಾಸರಿ 4ಕ್ಕೆ 3.0ಕ್ಕಿಂತ ಇಳಿದರೆ ಪ್ರೊಬೇಶನ್, ಅಂದರೆ ಸುಧಾರಿಸದಿದ್ದರೆ ಹೊರಗೆ ಕಳಿಸಬಹುದು ಅನ್ನೋ ಎಚ್ಚರಿಕೆ. ಆ ಚಳಿಗಾಲವಿಡೀ ನಿದ್ದೆ ಇಲ್ಲ. ಫೋನಲ್ಲಿ ಅಮ್ಮನಿಗೆ "ಚೆನ್ನಾಗಾಯ್ತು" ಅಂದೆ. ಕೋಡುಬಳೆ ಕತೆ ಕೇಳಿ ಅವರು ನಕ್ಕು, "ಕೂರ್ಮಾವತಾರ ಅಲ್ವಾ, ಒಳ್ಳೇದೇ ಮಾಡ್ತಾನೆ ಬಿಡು" ಅಂದರು. ಇವತ್ತಿಗೂ ನಿಜ ಹೇಳಿಲ್ಲ.

ಮುಂದಿನ ಸೆಮಿಸ್ಟರಿನಲ್ಲಿ ಬಾಗಿಲು ತಟ್ಟಿದೆ. ಮೇಷ್ಟ್ರು ಕುರ್ಚಿ ತೋರಿಸಿದರು, ಅರ್ಧ ಗಂಟೆ ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟರು. ಅಷ್ಟೇ. ಇಷ್ಟಕ್ಕಾ ನಾಲ್ಕು ತಿಂಗಳು ಹೆದರಿದ್ದು ಅನಿಸಿತು.

ಮೂಗು ಉಜ್ಜು, ಬೇಡ ಅನ್ನಲ್ಲ. ಆ ಕಡೆ ಹೋದರೆ ನಾನೂ ಉಜ್ಜುತ್ತೇನೆ. ಆದರೆ ಮೊದಲ ಅಸೈನ್‌ಮೆಂಟ್ ತಪ್ಪಾದ ವಾರವೇ ಮೇಷ್ಟ್ರ ಹತ್ತಿರ ಹೋಗು, ಡಿಸೆಂಬರ್ ತನಕ ಕಾಯಬೇಡ. ಕೋಡುಬಳೆ ಮಾತ್ರ ಸ್ವಲ್ಪ ಜಾಸ್ತಿಯೇ ಕಟ್ಟಿಸಿಕೊಂಡು ಬಾ.