ದೀಪದ ಕಂಬದ ಸುತ್ತ ಮಬ್ಬು ಪಟ್ಟಿ ಏಕೆ?

ಪ್ರಶ್ನೆ: 1:87 ಅಳತೆಯ ರೈಲು ನಿಲ್ದಾಣದ ಮಾದರಿಯೊಂದನ್ನು ಕಟ್ಟಿದ್ದೇನೆ. ಲೆನ್ಸಿನ ರಂಧ್ರವನ್ನು ಎಫ್/22ಕ್ಕೆ ಕಿರಿದಾಗಿಸಿ ತೆಗೆದರೂ ಹಿಂದಿನ ಕಟ್ಟಡ ಮಸುಕಾಗಿಯೇ ಉಳಿಯಿತು. ಮೇಲಾಗಿ ಇಡೀ ಚಿತ್ರವೇ ಮಂಕಾಯಿತು. ಫೋಕಸ್ ಬದಲಿಸುತ್ತ ಹನ್ನೆರಡು ಚಿತ್ರ ತೆಗೆದು ಫೋಟೋಶಾಪ್‌ನಲ್ಲಿ ಕೂಡಿಸಿದಾಗ, ಮುಂದಿರುವ ದೀಪದ ಕಂಬದ ಸುತ್ತ ಮಬ್ಬಾದ ಪಟ್ಟಿ ಕಾಣಿಸಿಕೊಂಡಿದೆ. ತಪ್ಪು ಎಲ್ಲಿದೆ?

ಉತ್ತರ: ಸೆನ್ಸರ್ ಮೇಲಿನ ಬಿಂಬ ವಸ್ತುವಿನ ಕಾಲು ಭಾಗದಷ್ಟಾಗುವ ಹತ್ತಿರಕ್ಕೆ ಹೋದರೆ, ಫುಲ್‌ಫ್ರೇಮ್ (36×24 ಮಿಲಿಮೀಟರ್ ಸೆನ್ಸರಿನ) ಕ್ಯಾಮೆರಾದಲ್ಲಿ ಎಫ್/8ಕ್ಕೆ ದೊರೆಯುವ ಸ್ಪಷ್ಟತೆಯ ಆಳ, ಅಂದರೆ ಹಿಂದೆಮುಂದೆ ಹರಿತವಾಗಿ ಕಾಣುವ ದೂರ, ಸುಮಾರು 1 ಸೆಂಟಿಮೀಟರ್ ಮಾತ್ರ. ಎಫ್/22ಕ್ಕೆ ಇಳಿಸಿದರೂ ಅದು ಎರಡೂವರೆ ಸೆಂಟಿಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಷ್ಟರಲ್ಲಿ ಕಿರಿದಾದ ರಂಧ್ರದಿಂದ ಬೆಳಕು ಚದುರಿ, ಫೋಕಸ್ ಆದ ಭಾಗವೂ ಹರಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಎಫ್/5.6 ಅಥವಾ ಎಫ್/8ರಲ್ಲಿ ಹೆಚ್ಚು ಚಿತ್ರ ತೆಗೆದು ಕೂಡಿಸುವುದೇ ಸರಿಯಾದ ದಾರಿ. ಎರಡು ಸೆಂಟಿಮೀಟರ್ ಎತ್ತರದ ಪ್ರಯಾಣಿಕನ ಹಿಂದಿನ ಗೋಡೆ ಮಸುಕಾಗಿದ್ದರೆ, ನೋಡುವವರಿಗೆ ಇದು ಆಟಿಕೆಯೆಂದು ತಕ್ಷಣ ತಿಳಿದುಬಿಡುತ್ತದೆ.

ಇನ್ನು ಕಂಬದ ವಿಚಾರ. ಇಲ್ಲಿ ತಪ್ಪು ನಿಮ್ಮದಲ್ಲ, ತಂತ್ರಾಂಶದ್ದೂ ಅಲ್ಲ. ಗೋಡೆಯ ಮೇಲೆ ಫೋಕಸ್ ಇಟ್ಟಾಗ ಮುಂದಿನ ಕಂಬ ಮಸುಕಾಗಿ ಅಗಲಕ್ಕೆ ಹರಡಿಕೊಂಡು, ತನ್ನ ಅಕ್ಕಪಕ್ಕದ ಗೋಡೆಯನ್ನೂ ಮರೆಮಾಡುತ್ತದೆ. ಕಂಬ ಸ್ಪಷ್ಟವಾಗಿರುವ ಚಿತ್ರದಲ್ಲಿ ಗೋಡೆಯೇ ಮಸುಕು. ಹೀಗಾಗಿ ಆ ಪಟ್ಟಿಯಷ್ಟು ಗೋಡೆ ನಿಮ್ಮ ಹನ್ನೆರಡು ಚಿತ್ರಗಳಲ್ಲಿ ಒಂದರಲ್ಲೂ ಸ್ಪಷ್ಟವಾಗಿ ದಾಖಲಾಗಿಲ್ಲ, ಇಲ್ಲದ್ದನ್ನು ತಂತ್ರಾಂಶ ಎಲ್ಲಿಂದ ತಂದೀತು? ಇಂಥ ಚಿತ್ರಗಳನ್ನು ಕೂಡಿಸಲೆಂದೇ ಇರುವ ತಂತ್ರಾಂಶಗಳಲ್ಲಿ ಹೆಲಿಕಾನ್ ಫೋಕಸ್‌ನ ಸಿ ವಿಧಾನ ಅಥವಾ ಜೆರೀನ್ ಸ್ಟ್ಯಾಕರ್‌ನ ಪಿಮ್ಯಾಕ್ಸ್ ಒಂದರ ಮುಂದೊಂದು ಬರುವ ಅಂಚುಗಳನ್ನು ಚೆನ್ನಾಗಿ ನಿಭಾಯಿಸುತ್ತವೆ, ಆದರೆ ನುಣುಪಾದ ಜಾಗಗಳಲ್ಲಿ ನಾಯ್ಸ್ (ಕಾಳುಕಾಳಾದ ಚುಕ್ಕೆಗಳು) ಹೆಚ್ಚಿಸುತ್ತವೆ.

ಕೀಟಗಳ ಚಿತ್ರ ತೆಗೆಯುವವರಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ: ಅಡ್ಡಬಂದದ್ದನ್ನು ಕಿತ್ತು ಪಕ್ಕಕ್ಕಿಡಬಹುದು. ಸರಣಿ ಮುಗಿದ ಮೇಲೆ ಕ್ಯಾಮೆರಾ ಕದಲಿಸದೆ ಕಂಬವನ್ನು ಅದರ ಕುಳಿಯಿಂದ ಮೆಲ್ಲನೆ ಎತ್ತಿ, ಗೋಡೆಯ ಮೇಲೆ ಫೋಕಸ್ ಇಟ್ಟು ಇನ್ನೊಂದು ಚಿತ್ರ ತೆಗೆಯಿರಿ. ಕೂಡಿಸಿದ ಚಿತ್ರದಲ್ಲಿ ಮಬ್ಬಿರುವ ಕಡೆಯಷ್ಟೇ ಈ ಹೊಸ ಚಿತ್ರ ಕಾಣುವಂತೆ ಮಾಸ್ಕ್ ಮಾಡಿ (ಉಳಿದ ಭಾಗವನ್ನು ಮರೆಮಾಡಿ) ತುಂಬಿರಿ. ಕಂಬದ ನೆರಳು ಅದೇ ಗೋಡೆಯ ಮೇಲೆ ಬೀಳುತ್ತಿದ್ದರೆ ಈ ತೇಪೆಯಲ್ಲಿ ನೆರಳು ಅರ್ಧಕ್ಕೇ ತುಂಡಾಗುತ್ತದೆ, ಆದ್ದರಿಂದ ನೀವು ಬೆಳಕಿಗೆಂದು ಇಟ್ಟ ದೀಪವನ್ನು ಮೊದಲೇ ಪಕ್ಕಕ್ಕೆ ಸರಿಸಿ ನೆರಳು ಪ್ಲಾಟ್‌ಫಾರ್ಮಿನ ಮೇಲೆ ಮಲಗುವಂತೆ ನೋಡಿಕೊಳ್ಳಿ.

ಉಳಿದಂತೆ ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಮತ್ತು ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಎರಡನ್ನೂ ಮ್ಯಾನುಯಲ್‌ನಲ್ಲಿಡಿ. ಹತ್ತಿರದಿಂದ ದೂರಕ್ಕೆ ಸಾಗುತ್ತ, ಒಂದು ಚಿತ್ರದ ಸ್ಪಷ್ಟ ಭಾಗ ಮುಂದಿನದರ ಮೇಲೆ ಕಾಲು ಭಾಗದಷ್ಟಾದರೂ ಹಾಯುವಂತೆ ಹೆಜ್ಜೆಯಿಡಿ. ಹತ್ತಿರದಲ್ಲಿ ಹೆಜ್ಜೆಗಳು ಚಿಕ್ಕವಿರಲಿ. ಫೋಕಸ್ ಬದಲಾದಂತೆ ಬಿಂಬದ ಗಾತ್ರವೂ ತುಸು ಬದಲಾಗುವುದರಿಂದ ಚೌಕಟ್ಟಿನ ಸುತ್ತ ಕತ್ತರಿಸಲು ಜಾಗ ಬಿಡಿ. ಹಿಂಬದಿಗೆ ಬಣ್ಣದ ಆಕಾಶದ ಹಾಳೆ ಇಟ್ಟಿದ್ದರೆ ಅದರ ಮೇಲೆ ಮಾತ್ರ ಫೋಕಸ್ ಇಡಬೇಡಿ. ಕುಂಚದ ಗೆರೆಗಳು ಕಾಣುವ ಆಕಾಶವನ್ನು ಯಾರೂ ನಂಬುವುದಿಲ್ಲ. ಶಟರ್ ಒತ್ತುವ ಮುನ್ನ ಬ್ಲೋವರ್‌ನಿಂದ ಧೂಳು ಊದಿ, ಏಕೆಂದರೆ ಈ ಅಳತೆಯಲ್ಲಿ 1 ಮಿಲಿಮೀಟರಿನ ಅಂಟಿನ ಹನಿಯೂ ಹಳಿಯ ಮೇಲೆ ಸುಮಾರು 9 ಸೆಂಟಿಮೀಟರಿನ ಕಲ್ಲಿನಂತೆ ಕೂತಿರುತ್ತದೆ.